ದುರ್ಗಿಯ ಮಗಳನ್ನು ಎಲ್ಲಿ ಬಿಡುವುದು?

ಅರವತ್ತೆರಡನೆಯ ಇಸವಿ. ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬನವಾಸಿ ಕಡೆಯ ನೀಲಗಂಗವ್ವ ಕುಳಿತಿದ್ದರು. ಅವರ ಮಹಿಳಾ ಮಂಡಳದವರು ಶಾಲೆಯ ಗಂಟೆಗೆ ಮೊದಲೂ, ಶಾಲೆ ಬಿಟ್ಟ ಮೇಲೂ ಊರ ಮಕ್ಕಳನ್ನು ಪುಕ್ಕಟೆ ನೋಡಿಕೊಳ್ಳುತ್ತಾರೆಂದು ಮಾತಿನಿಂದ ತಿಳಿಯಿತು. ಅದೇ ಊರಿನ ದುರ್ಗಿ ಅವರೆದುರು ನಿಂತಲ್ಲಿ ನಿಲ್ಲದೆ ಚಡಪಡಿಸುತ್ತಿದ್ದಳು.

“ನನ್ನ ಮಗಳ್ನೂ ಕುಂದ್ರಿಸ್ಕೋರಿ, ಅವ್ವಾರ.”

“ಅದು ಕೂಲಿಗೆ ಹೋಗೋರ ಮಕ್ಕಳಿಗೆ. ನೀ ಎಲ್ಲಿ ಹೋಗ್ತಿ?”

“ಅಕ್ಕಿ ಗಿರಣಿಗೆ ಕರದಾರ. ಹೊತ್ತು ಮೂಡೂದರಾಗ ಹೋಗಬೇಕು, ದೀಪ ಹಚ್ಚೂ ಹೊತ್ತಿಗೆ ಬರಬೇಕು.”

“ಹಂಗಾರ ಮೊದಲು ಕೆಲಸಕ್ಕ ಸೇರು. ಆಮ್ಯಾಲ ಕರ್ಕೊಂಡು ಬಾ.”

“ಮೊದಲ್ನೇ ದಿನ ಎಲ್ಲಿ ಬಿಡ್ಲಿ? ಅತ್ತಿ ತೀರಿಕೊಂಡ ಮ್ಯಾಲ ಮನಿಯಾಗ ಯಾರೂ ಇಲ್ರಿ.”

“ಎಲ್ಲಾರೂ ಹಿಂಗ ಅಂದ್ರ ಹೆಂಗ?”

“ನಿಮ್ಮ ಮೊಮ್ಮಗನೂ ಅಲ್ಲೇ ಇರ್ತಾನಲ್ರಿ. ನಿಮ್ಮ ಸೊಸಿ ಕೂಲಿಗೆ ಹೋಗ್ತಾರೇನು?”

ನೀಲಗಂಗವ್ವ ರಸ್ತೆಯ ಕಡೆ ನೋಡಿದರು.

“ಅಂವಗ ಮನಿಯಾಗ ಬ್ಯಾಸರ,” ಎಂದರು.

“ನನ್ನ ಮಗಳಿಗೆ ಅಂಜಿಕಿ. ಒಬ್ಬಾಕಿನ ಬಾಗ್ಲಾ ಹಾಕ್ಕೊಂಡು ಕುಂದರಬೇಕು.”

ಬನವಾಸಿ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು.

“ನಾಳೆ ನಸುಕಿನಾಗ ಕರ್ಕೊಂಡು ಬಾ.”

“ಹುಡುಗರ್ನ ನೋಡ್ಕೊಳ್ಳೋ ಅಕ್ಕೋರು ಒಳಗ ಬಿಡ್ತಾರ?”

“ನಾನ ಬಾಗಿಲದಾಗ ನಿಂತಿರ್ತೇನಿ.”

“ನಿಮ್ಮ ಮೊಮ್ಮಗನ್ನ ಬಿಡಸ್ತೀರೇನು?”

“ಯಾಕ ಬಿಡಸ್ಲಿ? ಇಬ್ರೂ ಕೂಡಿ ಆಡ್ಲಿ.”

ದುರ್ಗಿ ಮೊದಲು ಹತ್ತಿದಳು. ತಿರುಗಿ ಕೈಕೊಟ್ಟು ನೀಲಗಂಗವ್ವನನ್ನು ಮೇಲಕ್ಕೆ ಎಳೆದುಕೊಂಡಳು.