ಎರಡಾಗಿ ಹರಿದ ಚೀಟಿ

ಕಿಕ್ಕೇರಿ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ಅಣ್ಣ ತಂಗಿ ಕೂತಿದ್ದರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

"ರಘಣ್ಣ ಕೊಟ್ಟ ಚೀಟಿ ಮಡಗಿದ್ದೀಯ, ರಮ್ಯ?"

"ಐತೆ ಕಣಣ್ಣ. ನಮ್ಮ ದೊಡ್ಡಣ್ಣ ಸಾಯೋ ಮುಂಚೆ ಎಲ್ಡಾಗಿ ಅರಿದ್ಕೊಟ್ಟದ್ದ ಎಸಿತೀನಾ? ನನ್ನ ತಾವ ಅನ್ನೆರಡು ಪದ, ನಿನ್ನ ತಾವ ಅನ್ನೆರಡು."

"ಎಲ್ಡೂ ಸೇರುದ್ರೇನೇ ಅವನ ಬಿಟ್‌ಕಾಯಿನ್ ದುಡ್ಡಿನ ಬೀಗ ತಗಿಯೋದು. ಈಗ ತಗಿಬೇಕು ಕಣವ್ವ."

"ಮಾರ್ಬುಡ್ತೀಯಾ?"

"ಮಾರಕ್ಕಲ್ಲ. ಕ್ವಾಂಟಮ್ ಕಂಪ್ಯೂಟರ್ ಅಂತ ಮಾಡ್ತಾವ್ರಂತೆ. ಅದು ಬಲಿತ್ರೆ ಇಂಥ ಅಳೇ ಬೀಗವ ಪದ ಇಲ್ದೇನೇ ತಗೆದ್ಬುಡ್ತದಂತೆ. ಅಷ್ಟ್ರೊಳಗೆ ಎಲ್ಲಾನೂ ಒಸ ಬೀಗಕ್ಕೆ ಸಾಗಿಸ್ಬೇಕು."

ರಮ್ಯ ಚೀಲದ ಬಾಯಿ ಬಿಗಿದುಕೊಂಡಳು.

"ಜಮೀನು ಭಾಗ ಆದ್ಮೇಲೆ ಮೂರು ವರ್ಸ ನೀನು ಗೌರಿ ಬಾಗಿನ ತರ್ಲಿಲ್ಲ. ಈಗ ಚೀಟಿಗೋಸ್ಕರ ಬಂದೆ."

"ಊಂ. ತಪ್ಪಾಯ್ತು."

"ಒಸ ಬೀಗಕ್ಕೂ ಎಲ್ಡು ಚೀಟಿನಾ?"

"ಬ್ಯಾಡ. ಪೂರ್ತಿ ಪದ ಇಬ್ರ ತಾವೂ ಇರ್ಲಿ. ಇನ್ಮೇಲೆ ಒಬ್ರನ್ನೊಬ್ರು ಕೇಳಂಗೇ ಇಲ್ಲ."

"ಕೇಳಂಗಿರ್ಲಿ ಅಂತಾನೇ ಅಲ್ವಾ ದೊಡ್ಡಣ್ಣ ಚೀಟಿ ಅರಿದಿದ್ದು? ಒಸದನ್ನೂ ಅರ್ಧ ಮಾಡು. ಗೌರಿ ಅಬ್ಬಕ್ಕೆ ಬಾಗಿನ ತಗಂಡು ಬಾ. ನನ್ನ ಅನ್ನೆರಡು ಪದವ ಅವತ್ತು ಓದ್ತೀನಿ."

ನಾಗಮಂಗಲದ ಬಸ್ಸು ಬಂತು. ಅಣ್ಣ ಅವಳ ಚೀಲ ಎತ್ತಿಕೊಂಡು ಬಾಗಿಲವರೆಗೆ ನಡೆದ. ಅವಳು ಹತ್ತಿದ ಮೇಲೆ ಕೆಳಗೆ ನಿಂತೇ ಕೇಳಿದ:

"ಬಳೆ ಅಳತೆ ಅದೇನಾ?"

"ಅದೇ ಕಣಣ್ಣ."