ಕೆರೆಯಾಚೆಯಿಂದ ಬರಬೇಕಾದ ರೀಲು

…ನಗಬೇಡ ಅತ್ತಿಗೆ. ನಗೋದಿದ್ರೆ ಪೂರ್ತಿ ಕೇಳಿ ಆಮೇಲೆ ನಗು. ಇದರಲ್ಲಿ ಒಂದಕ್ಷರ ಸುಳ್ಳಿದ್ರೂ ಕೋಲಾರಮ್ಮನ ಗುಡೀಲಿರೋ ಚೇಳಮ್ಮ ಇವತ್ತೇ ನರಸಾಪುರದ ಬಸ್ಸು ಹತ್ತಿ ಬಂದು ನನ್ನ ಹೆಬ್ಬೆರಳಿಗೆ ಕುಟುಕಲಿ. ನೋಡು, ಚಪ್ಪಲಿ ಬಿಟ್ಟು ಬರಿಗಾಲನ್ನೇ ನೆಲಕ್ಕೆ ಊರಿದ್ದೀನಿ. ಸುಳ್ಳು ಹೇಳೋ ಮನುಷ್ಯ ಹಿಂಗೆ ಕಾಲು ಊರ್ತಾನಾ?

ಹೌದು, ಈಗ ಸ್ವಲ್ಪ ಮೇಲೆತ್ತಿದೆ. ಇರುವೆ ಬಂತು ಅಂತ. ಚೇಳಿಗಲ್ಲ.

ಎಲ್ಲಿದ್ದೆ? ಹಾಂ, ಸಿನಿಮಾ. ಅದರ ಹೆಸರು ಮಾತ್ರ ಕೇಳಬೇಡ. ಮರೆವಿನ ಕಾಯಿಲೆ ಸಿನಿಮಾ ಅದು, ನೋಡಿ ನೋಡಿ ಅದರ ಹೆಸರೇ ನನಗೆ ಮರೆತುಹೋಯ್ತು. ನಾಳೆ ತಾಳಿ ಕಟ್ಟಿಸಿಕೊಳ್ಳಬೇಕಾದ ಹುಡುಗಿ ಇವತ್ತು ಜಟಕಾದಿಂದ ಬೀಳ್ತಾಳೆ. ತಲೆಗೆ ಪೆಟ್ಟು. ಕಣ್ಣು ಬಿಟ್ಟು, ಎದುರಿಗೆ ನಿಂತ ಗಂಡಿನ ಮುಖ ನೋಡಿ, "ತಾವು ಯಾರು?" ಅಂತಾಳೆ. ಅಷ್ಟೇ. ನಮ್ಮ ಟೆಂಟಿನ ಹೆಂಗಸರ ಕಡೆಯಿಂದ ಹರಿದು ಬಂದ ಕಣ್ಣೀರಿಗೆ ಗಂಡಸರ ಕಡೆ ಮರಳು ಒದ್ದೆಯಾಗಿ, ಕೂತವರ ಪಂಚೆಯೆಲ್ಲ ಹಾಳು. ಅವನು ಪಾಪ, ದಿನಾ ಸಾಯಂಕಾಲ ಅವಳ ಕಿಟಕಿ ಹತ್ರ ಬಂದು ತನ್ನ ಹೆಸರು ಹೇಳ್ತಾನೆ. ಅವಳು ದಿನಾ, ಹೊಸಬರಿಗೆ ಹೇಳೋ ಹಂಗೆ, ಕೂತ್ಕೊಳ್ಳಿ ಅಂತಾಳೆ.

ಯಾಕೆ ಏಳ್ತಿದ್ದೀಯ? ಕೂತ್ಕೋ, ಕೂತ್ಕೋ. ಗೇಟಿನ ಕಡೆ ನೋಡಬೇಡ, ಅದಕ್ಕೆ ಬೀಗ ಹಾಕಿದ್ದೀನಿ. ನಿನ್ನ ಮಗಳು ಮೇಘನಳ ಕಂಪನಿ ಬಸ್ಸು ಬರೋ ಹೊತ್ತಾಯ್ತು. ಹೋದ ವಾರ ನೀನು ಯಾರಿಗೂ ಹೇಳದೆ ಕೆರೆ ದಾರಿ ಹಿಡಿದೆ. ನಮ್ಮ ಮುನೇಶ್ ಎಮ್ಮೆ ಹೊಡ್ಕೊಂಡು ಆ ಕಡೆಯಿಂದ ಬರದೇ ಇದ್ದಿದ್ರೆ… ಮೊಣಕಾಲ ಮಟ್ಟ ನೀರಲ್ಲಿ ನಿಂತು, ಇಲ್ಲೊಂದು ಸೈಕಲ್ ದಾರಿ ಇತ್ತಲ್ಲಪ್ಪ, ನಮ್ಮೋರು ಇಲ್ಲೇ ಬರೋದು ಅಂತ ಅವನನ್ನೇ ಕೇಳಿದೆಯಂತೆ. ಇನ್ನೊಂದು ಹೆಜ್ಜೆ ಇಟ್ಟಿದ್ರೆ ಅಲ್ಲಿ ಜೆಸಿಬಿಯೋರು ಮಣ್ಣು ತೆಗೆದ ಗುಂಡಿ. ಅವತ್ತಿಂದ ನಿನ್ನ ಮಗಳು ನನಗೆ ಡ್ಯೂಟಿ ಹಾಕಿದ್ದಾಳೆ. ನಾನು ಬರೋವರೆಗೂ ಅಮ್ಮನ್ನ ಗೇಟು ದಾಟಿಸಬೇಡ ಚಿಕ್ಕಪ್ಪ, ಹೆಂಗೆ ಕೂರಿಸ್ತೀಯೋ ನಿನಗೆ ಬಿಟ್ಟಿದ್ದು ಅಂತ. ಗಂಗುಲಪ್ಪನಿಗೆ ಅದೇನು ಕಷ್ಟದ ಕೆಲಸವಾ? ಟೆಂಟಿನ ತುಂಬ ಜನಾನ ಕೂರಿಸಿದೋನು ನಾನು. ಒಬ್ಬಳು ಭಾರತಮ್ಮನ್ನ ಕೂರಿಸಲಾರೆನಾ?

ಹಾಂ, ಹಂಗೆ. ಸೆರಗು ಹೊದ್ಕೋ, ಗಾಳಿ ಬರ್ತಿದೆ.

ಆಗ ನಾನು ಟೆಂಟಿನ ಮೈಕು. ಜಟಕಾ ಹತ್ತಿ ಊರೂರು ಸುತ್ತಿ, ಬನ್ನಿರಿ ನೋಡಿರಿ ಅಂತ ಕೂಗೋದು. ನನ್ನ ಗಂಟಲು ಎಂಥದ್ದು ಅಂದ್ರೆ, ನಿಮ್ಮ ಹುತ್ತೂರಿನ ಬೀದೀಲಿ ನಾನು ಕೂಗಿದ್ರೆ ಒಳಗೆ ತಟ್ಟೆಗಳಲ್ಲಿದ್ದ ರೇಷ್ಮೆ ಹುಳ ಸೊಪ್ಪು ತಿನ್ನೋದು ಬಿಟ್ಟು ತಲೆ ಎತ್ತಿ ಕೇಳ್ತಿದ್ವು. ನೀನು ಹುಳ ಸಾಕಿದ ಮನೆಯೋಳು, ಹುಳ ತಲೆ ಎತ್ತಿದ್ರೆ ಅದು ಪೊರೆ ಬಿಡೋ ಜ್ವರಕ್ಕೆ ಹೋಗಿದೆ ಅಂತೀಯ. ಇರಬಹುದು. ನನ್ನ ದನಿ ಕೇಳಿಯೇ ಜ್ವರ ಬಂದಿರಬೇಕು. ಶಿವಾರಪಟ್ಟಣದ ಶಿಲ್ಪಿಯೊಬ್ಬ ನನ್ನ ಮಾತಿಗೆ ಮರುಳಾಗಿ ಬಂದು ಆ ಸಿನಿಮಾ ಮತ್ತೆ ಮತ್ತೆ ನೋಡಿ, ಕೆತ್ತುತ್ತಿದ್ದ ಲಕ್ಷ್ಮಿಗೆ ಸಿನಿಮಾದವಳ ಮೂಗೇ ಇಟ್ಟುಬಿಟ್ಟ. ಯಾವ ಗುಡಿ ಅಂತ ಹೇಳಲ್ಲ. ಈಗಲೂ ಪೂಜೆ ನಡೀತಿದೆ.

ನಕ್ಕೆ. ನಕ್ಕೆ ತಾನೆ? ಇಲ್ವಾ… ಬಾಯಿ ಒರೆಸಿಕೊಂಡದ್ದಾ. ಸರಿ.

ಅಣ್ಣನ ಕೆಲಸ ಮಾತ್ರ ನನ್ನದರಂಥ ಬಾಯಿ ಕೆಲಸ ಅಲ್ಲ. ಸಿನಿಮಾ ಪೆಟ್ಟಿಗೆ ಒಂದೇ, ಟೆಂಟು ಎರಡು. ಒಂದು ಇಲ್ಲಿ, ಇನ್ನೊಂದು ಕೆರೆಯಾಚೆ ಊರಲ್ಲಿ. ಎರಡಕ್ಕೂ ಯಜಮಾನಿ ವೆಂಕಟರತ್ನಮ್ಮ. ಆಚೆ ಟೆಂಟಲ್ಲಿ ಆಟ ಮೊದಲು ಶುರುವಾಗೋದು. ಅಲ್ಲಿ ಒಂದು ರೀಲು ಓಡಿ ಮುಗಿದ ಕೂಡಲೇ ಅದನ್ನ ಡಬ್ಬಿಗೆ ಹಾಕಿ, ಸೈಕಲ್ ಕ್ಯಾರಿಯರ್‌ಗೆ ಹಳೇ ಟ್ಯೂಬಿನಿಂದ ಬಿಗಿದು, ಕೆರೆಯಂಗಳದ ಅಡ್ಡದಾರೀಲಿ ಅಣ್ಣ ತುಳಿದುಕೊಂಡು ಬರಬೇಕು. ಕೆರೆ ಬತ್ತಿ ಬಿರುಕು ಬಿಟ್ಟಿತ್ತಲ್ಲ, ಸೈಕಲ್ಲಿಗೆ ರಸ್ತೆಗಿಂತ ಅದೇ ವಾಸಿ. ಇಲ್ಲಿ ಒಂದು ರೀಲು ಮುಗಿಯೋದಕ್ಕೆ ಮುಂಚೆ ಅಣ್ಣನ ಬೆಲ್ಲು ಕೇಳಬೇಕು. ಬೆಲ್ಲು ಕೇಳಿದ್ರೆ ಆಪರೇಟರಿಗೆ ಜೀವ ಬರೋದು. ಸುಬ್ಬರಾಯಪ್ಪ ಬಂದ ಅಂತ ಟೆಂಟೇ ಕೂಗೋದು. ನೋಡು, ಜನ ಸಿನಿಮಾ ಹೀರೋಗೆ ಹಾಕದ ಶಿಳ್ಳೆ ನಮ್ಮಣ್ಣನಿಗೆ ಹಾಕ್ತಿದ್ರು.

ಆ ಮರೆವಿನ ಸಿನಿಮಾ ಹಾಕಿದ ದಿನ ಎಲ್ಲಾ ರೀಲು ಬಂತು. ಕೊನೇದು ಬರಲಿಲ್ಲ.

ಅವನು ಕಿಟಕಿ ಹತ್ರ ಬಂದು ನಿಂತಿದ್ದಾನೆ, ಅವಳು ತಲೆ ಎತ್ತುತ್ತಾಳೆ, ಅಷ್ಟಕ್ಕೆ ಪರದೆ ಬೆಳ್ಳಗೆ. ಜನ ಮೊದಲು ಶಿಳ್ಳೆ ಹಾಕಿದ್ರು. ಆಮೇಲೆ ಮರಳು ತೂರಿದ್ರು. ವೆಂಕಟರತ್ನಮ್ಮ ನನ್ನ ಕಾಲರ್ ಹಿಡಿದು ಪರದೆ ಮುಂದೆ ನೂಕಿ, "ಒರೇ ಗಂಗುಲೂ, ಏದೋ ಒಕಟಿ ಚೆಪ್ಪರಾ" ಅಂದ್ಲು. ಏನಾದರೂ ಒಂದು ಹೇಳೋ ಅಂತ. ಏನು ಹೇಳ್ತೀಯ? ಕೊನೇ ರೀಲು ನಾನೂ ನೋಡಿಲ್ಲ. ಅವತ್ತೇ ಮೊದಲನೇ ದಿನ.

ನಾನೇ ಕಟ್ಟಿದೆ. ಆವತ್ತು ಅವನು ತನ್ನ ಹೆಸರು ಹೇಳಲಿಲ್ಲ ಅಂದೆ. ಹೇಳಿ ಹೇಳಿ ಸಾಕಾಗಿ ಸುಮ್ಮನೆ ಕಿಟಕಿ ಕೆಳಗೆ ಕೂತ. ಅವಳು ಒಳಗೆ ಹೋದಳು. ಹೊರಗೆ ಬಂದಳು, ಕೈಯಲ್ಲಿ ಊಟದ ತಟ್ಟೆ. ಒಂದು ಮಾತೂ ಆಡದೆ ತಟ್ಟೇನ ಅವನ ಮುಂದಕ್ಕೆ ಸರಿಸಿದಳು. ಅಷ್ಟೇ, ಮುಗೀತು, ಮನೆಗೆ ಹೋಗಿ ಅಂದೆ. ಅಯ್ಯೋ ಅತ್ತಿಗೆ, ಮರಳು ತೂರಿದ ಕೈಗಳೇ ಕಣ್ಣೊರೆಸಿಕೊಂಡ್ವು. ಒಂದು ಮುದುಕಿ ಎದ್ದು ಬಂದು ನನ್ನ ದೃಷ್ಟಿ ತೆಗೆದಳು.

ಆಮೇಲೆ ಬಂತು ಬೆಲ್ಲು.

ಅಣ್ಣ ಬಂದ ರೂಪ ನಿನಗೆ ಗೊತ್ತು. ಕೆರೆಯಂಗಳದಲ್ಲಿ ಡಬ್ಬಿ ಬಿದ್ದು, ಮುಚ್ಚಳ ಹಾರಿ, ರೀಲು ಬಿಚ್ಚಿಕೊಂಡು ಜಾಲಿ ಮುಳ್ಳಿಗೆಲ್ಲ ಸುತ್ತಿಕೊಂಡಿತ್ತು. ಮುಳ್ಳು ಬಿಡಿಸಿ ಬಿಡಿಸಿ, ಸುತ್ತೋಕೆ ಬಾರದೆ ಕೊರಳಿಗೆ ಹಾಕ್ಕೊಂಡು ತುಳಿದುಕೊಂಡು ಬಂದಿದ್ದ. ಮೈಯೆಲ್ಲ ಮಣ್ಣು, ಕೊರಳಲ್ಲಿ ಸಿನಿಮಾದ ಹಾರ. ಹೆಂಗಸರ ಕಡೆ ಮುಂದಿನ ಸಾಲಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಹುತ್ತೂರಿಂದ ಚಿಕ್ಕಮ್ಮನ ಮನೆಗೆ ಬಂದವಳು. ನಕ್ಕವಳು ಸುಮ್ಮನೆ ಕೂರಲಿಲ್ಲ. ಎದ್ದು ಬಂದು ತನ್ನ ಹೊಸ ಸೀರೆ ಸೆರಗಲ್ಲೇ ಆ ರೀಲಿನ ಮಣ್ಣು ಒರೆಸೋಕೆ ನಿಂತಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಅಣ್ಣನ ಕೊರಳಲ್ಲಿ. ನಿಮ್ಮ ಮದುವೇಲಿ ಪುರೋಹಿತರು ಹಾರ ಬದಲಾಯಿಸಿ ಅಂದಾಗ ನಾನು, ಅದು ಆವತ್ತೇ ಆಗಿದೆ ಸ್ವಾಮಿ ಅಂದೆ. ಅಪ್ಪ ಎಲ್ಲರೆದುರಿಗೆ ನನ್ನ ಕಿವಿ ಹಿಂಡಿದ್ರು.

ರೀಲು ಓಡಿಸಿದ್ವಿ. ಓಡಿಸದೇ ಇದ್ದಿದ್ರೇ ಚೆನ್ನಾಗಿತ್ತು. ಅದರಲ್ಲಿ ಅವಳಿಗೆ ಏನೂ ನೆನಪಾಗಲ್ಲ. ರೈಲು ಹತ್ತಿ ಹೋಗ್ತಾಳೆ, ಅವನು ಪ್ಲಾಟ್‌ಫಾರಮ್ಮಲ್ಲಿ ನಿಂತೇ ಇರ್ತಾನೆ. ಜನ ರೇಗಿಬಿಟ್ರು. ಇದು ಸುಳ್ಳು ರೀಲು, ಗಂಗುಲಪ್ಪನ ರೀಲು ಹಾಕಿ ಅಂತ ಗಲಾಟೆ. ಮಾರನೇ ದಿನದಿಂದ ಕೊನೇ ರೀಲು ಓಡಿಸೋದನ್ನೇ ಬಿಟ್ವಿ. ಪರದೆ ಬೆಳ್ಳಗಾದ ಕೂಡಲೇ ನಾನೇ ಬಂದು ಹೇಳ್ತಿದ್ದೆ. ಮಾಲೂರಿಂದ ಗಾಡಿ ಕಟ್ಟಿಕೊಂಡು ಬಂದವರೂ ಉಂಟು.

ನೀನು ಯಾಕೆ ರಸ್ತೇನೇ ನೋಡ್ತಿದ್ದೀಯ? ಬರ್ತಾನೆ, ಅಣ್ಣ ಬರ್ತಾನೆ. ರೀಲು ತರೋಕೆ ಹೋದೋನು, ಸ್ವಲ್ಪ ಹಿಂದೆ ಮುಂದೆ ಆಗುತ್ತೆ. ಕೆರೆ ತುಂಬಿದೆಯಲ್ಲ, ಅಂಗಳದಲ್ಲಿ ಬರೋಕಾಗಲ್ಲ, ಏರಿ ಮೇಲೆ ಸುತ್ತಿ ಬರಬೇಕು. ಅದಕ್ಕೇ ತಡ.

ಯಾಕೆ ಹಂಗೆ ನೋಡ್ತೀಯ?

ಬತ್ತಿತ್ತು ಅಂದೆನಾ? ಅಂದೆ. ಆಗ ಬತ್ತಿತ್ತು. ಈಗ ತುಂಬಿದೆ. ಬೆಂಗಳೂರಿನ ನೀರು ಪೈಪಲ್ಲಿ ಬಂದು… ಅಲ್ಲ, ಅಣ್ಣ ಆ ಕಡೆ ಹೋದಾಗ ಬತ್ತಿತ್ತು, ಬರೋ ಹೊತ್ತಿಗೆ… ಅದೇನು ಒಂದು ದಿನದಲ್ಲಿ ಕೆರೆ ತುಂಬಬಾರದು ಅಂತಿದೆಯಾ? ನಮ್ಮ ಜಿಲ್ಲೇಲಿ ಏನು ಬೇಕಾದ್ರೂ ಆಗುತ್ತೆ.

ಸರಿ, ಆ ಕೆರೆ ವಿಷಯ ಬಿಡು. ನೀರು ಅಲ್ಲಿದೆ ಅನ್ನೋದು ಮಾತ್ರ ನೆನಪಿಟ್ಕೋ. ಬೇರೆ ಏನೂ ಬೇಡ, ಅದೊಂದು. ಆ ಕಡೆ ಹೋಗಬೇಡ.

ಊಟ ಮುಚ್ಚಿಟ್ಟಿದ್ದೀಯ, ಒಳ್ಳೇದಾಯ್ತು. ಮುದ್ದೆ, ಅವರೆಕಾಳಿನ ಸಾರು, ವಾಸನೆ ಇಲ್ಲಿಗೇ ಬರ್ತಿದೆ. ಅಣ್ಣ ಬಂದು ಉಣ್ತಾನೆ. ನೆನ್ನೆಯೂ ಬಂದಿದ್ದ, ನೀನು ಮಲಗಿಬಿಟ್ಟಿದ್ದೆ. ಎಬ್ಬಿಸಬೇಡ ಅಂದ. ಉಂಡು, ಮತ್ತೆ ಡಬ್ಬಿ ತಗೊಂಡು ಹೊರಟ. ಬೆಳಿಗ್ಗೆ ನೀನೇ ನೋಡಿದೆಯಲ್ಲ, ತಟ್ಟೆ ಖಾಲಿ ಇತ್ತೋ ಇಲ್ಲವೋ? ಬೆರಳಲ್ಲಿ ಸವರಿ ಸವರಿ ತಿಂದ ಹಾಗೆ, ಕನ್ನಡಿ ಥರ ಚೊಕ್ಕ…

ಏನು?

ನೆಲದ ಮೇಲೆ ಬೆರಳಲ್ಲಿ ತಟ್ಟೆ ಬರೆದು ಅದರ ಅಂಚು ಯಾಕೆ ತೋರಿಸ್ತಿದ್ದೀಯ? ಅಲ್ಲೇನಿದೆ? ಏನೂ ಇಲ್ಲ. ಅಲ್ಲೇನೂ ಇರಲಿಲ್ಲ.

ಓ.

ಕೊನೇ ತುತ್ತು.

ಅಣ್ಣ ಕೊನೇ ತುತ್ತು ತಿಂತಿರಲಿಲ್ಲ ಅಲ್ವಾ. ಹುಟ್ಟಿದಾಗಿಂದ ನೋಡಿದ್ದೀನಿ. ಒಂದು ತುತ್ತು ಮುದ್ದೆ ತಟ್ಟೆ ಅಂಚಲ್ಲೇ ಬಿಟ್ಟು, ಎದ್ದು, ಬಾಗಿಲಾಚೆ ನಾಯಿಗೆ ಹಾಕೋದು. ನಾಯಿ ಸತ್ರೆ ಇನ್ನೊಂದು ನಾಯಿ, ಅಭ್ಯಾಸ ಮಾತ್ರ ಅದೇ. ಇಷ್ಟು ದಿನ ನನಗೆ ಅದು ತಲೆಗೇ ಹೋಗಲಿಲ್ಲ. ನಾನು ಹೊಟ್ಟೆಬಾಕ. ನೀನು ಮಾಡಿದ ಸಾರು ಬಿಡೋಕೆ ಮನಸ್ಸಾಗದೆ, ತಟ್ಟೆ ನೆಕ್ಕಿ ಇಡ್ತಿದ್ದೆ. ಅಲ್ನೋಡು ನಾಯಿ, ಗೇಟಿನ ಹತ್ರ ಮಲಗಿ ನನ್ನನ್ನೇ ನೋಡ್ತಿದೆ. ಅದಕ್ಕೂ ಗೊತ್ತು.

ಯಾವತ್ತಿಂದ ಗೊತ್ತು ನಿನಗೆ?

ಹೇಳಬೇಡ. ಬೇಡ ಬಿಡು.

ಇವತ್ತು ಒಂದ್ಸಲಾನೂ ನೀನು ಕೇಳಲಿಲ್ಲ. ಈಗ ಹೊಳೀತಿದೆ ನನಗೆ. ದಿನಾ ನಾನು ಬಂದು ಕೂರೋದಕ್ಕೆ ಮುಂಚೆ, ನಿಮ್ಮಣ್ಣ ಬಂದ್ರಾ ಅಂತ ನೀನು ಕೇಳ್ತಿದ್ದೆ. ಇವತ್ತು ಕೇಳಲಿಲ್ಲ, ನಾನೇ ಹೇಳ್ತಾ ಹೋದೆ. ನೀನು ಮರೆತಿದ್ದೀಯ ಅಂದ್ಕೊಂಡು ಹೇಳ್ತಿದ್ನಾ, ಇಲ್ಲ ನನಗೇ ಬೇಕಾಗಿತ್ತಾ… ಗೊತ್ತಿಲ್ಲ ಕಣತ್ತಿಗೆ. ಮೊದಮೊದಲು ನಾವು ಇದ್ದದ್ದು ಇದ್ದ ಹಾಗೇ ಹೇಳಿದ್ವಿ ನಿನಗೆ. ಹೇಳಿದಾಗಲೆಲ್ಲ ನಿನಗೆ ಅದು ಆವತ್ತೇ ಆದದ್ದು. ಆವತ್ತೇ ಬಳೆ ಒಡೆದದ್ದು, ಆವತ್ತೇ ಅತ್ತದ್ದು. ಮಾರನೇ ಬೆಳಿಗ್ಗೆ ಎದ್ದು ಮತ್ತೆ ಅವನಿಗೆ ನೀರು ಕಾಯಿಸ್ತಿದ್ದೆ. ಮೇಘನ ಕೈ ಮುಗಿದು, ಇನ್ನು ಬೇಡ ಚಿಕ್ಕಪ್ಪ, ಅಮ್ಮ ಎಷ್ಟು ಸಲ ವಿಧವೆ ಆಗಬೇಕು ಅಂದಳು. ಆಮೇಲೆ ಅಣ್ಣನ ಊಟ ನಾನು ಉಣ್ಣೋಕೆ ಶುರು ಮಾಡಿದೆ.

ಎಲ್ಲಿಗೆ? ಏಳಬೇಡ ಅಂದೆನಲ್ಲ… ಓ, ತಟ್ಟೆಗಾ. ನಿಧಾನ, ಹೊಸಿಲು ನೋಡ್ಕೊಂಡು.

ನನಗಾ?

ನನ್ನ ಮುಂದೆ ಯಾಕೆ ಸರಿಸ್ತಿದ್ದೀಯ? ಇದು ಅಣ್ಣಂದಲ್ವಾ?

ಹಂಗೆ ಸುಮ್ಮನೆ ನಿಂತಿರಬೇಡ ಅತ್ತಿಗೆ, ವದಿನಮ್ಮ. ಬೈಯಿ. ಕಳ್ಳ ಅನ್ನು, ಸುಳ್ಳುಬುರುಕ ಅನ್ನು. ಚಿಕ್ಕವನಿದ್ದಾಗ ಬೈತಿದ್ದ ಹಂಗೆ ಒಂದು ಸಲ ಗಂಗುಲೂ ಅಂತ ಹೆಸರು ಹಿಡಿದು ಕೂಗು.

ಸರಿ. ಕೂತು ಉಣ್ತೀನಿ. ಹೊಟ್ಟೆ ಹಸಿದಿದೆ, ಅದು ಸುಳ್ಳಲ್ಲ. ಸಾರಿಗೆ ಉಪ್ಪು ಸರಿಯಾಗಿದೆ. ಇಷ್ಟು ದಿನ ನೀನು ಎರಡೆರಡು ಸಲ ಹಾಕ್ತಿದ್ದೆ, ನಾನು ಅಣ್ಣನ ಹೆಸರಲ್ಲಿ ಸುಮ್ಮನೆ ನುಂಗ್ತಿದ್ದೆ. ಇವತ್ತು ಸರಿಯಾಗಿದೆ.

ಅಗೋ, ಬಸ್ಸಿನ ಹಾರನ್ನು. ನಿನ್ನ ಮಗಳು ಇಳೀತಾಳೆ. ಗೇಟಿನ ಬೀಗ ತೆಗೀತೀನಿ ಇರು, ಒಂದು ತುತ್ತು ಉಳಿದಿದೆ. ಇಲ್ಲ, ಇದನ್ನ ತಿನ್ನಲ್ಲ. ಅಂಚಲ್ಲಿ ಇಟ್ಟಿದ್ದೀನಿ ನೋಡು. ನೀನೇ ಹಾಕು ನಾಯಿಗೆ, ಕಾಯ್ತಿದೆ.

ಎರಡೂ ಕಾಲು ನೆಲದ ಮೇಲೇ ಇದೆ, ನೋಡ್ಕೋ. ಚೇಳಮ್ಮ ಬರೋದಾದ್ರೆ ಬರಲಿ. ಹೇಳಿದ್ದೆಲ್ಲ ನಿಜ ಅತ್ತಿಗೆ. ಟೆಂಟು ನಿಜ, ಜಾಲಿ ಮುಳ್ಳು ನಿಜ, ಅವನ ಕೊರಳಲ್ಲಿದ್ದ ರೀಲು ನಿಜ, ಅದನ್ನ ಒರೆಸಿದ ನಿನ್ನ ಸೆರಗು ನಿಜ. ಹುಳ ತಲೆ ಎತ್ತಿದ್ದೂ ನಿಜ ಅಂತಲೇ ಇಟ್ಕೋ.

ಒಂದೇ ಒಂದು ಸಣ್ಣ ವಿಷಯ ಮಾತ್ರ ನಾನು ಸೇರಿಸಿದ್ದು. ಅಣ್ಣ ಬರ್ತಾನೆ ಅಂದದ್ದು.