ಹಗ್ಗ ಸುತ್ತಿಕೊಳ್ಳಬೇಡ

...ಅಯ್ಯೋ, ಹಾಗೆ ಎಳೀಬೇಡ ಕಣೇ! ಇದೇನು ಹಗ್ಗಜಗ್ಗಾಟದ ಪಂದ್ಯಾನಾ? ಮೂರು ತಿಂಗಳ ಕರು ಅದು. ನೀನು ಎಳೆದಷ್ಟೂ ನಾಲ್ಕು ಕಾಲೂ ಊರಿ ನಿಲ್ಲುತ್ತೆ. ಥೇಟ್ ನಿನ್ನ ಹಾಗೇ. ಮದುವೆಯಾದ ಹೊಸದರಲ್ಲಿ ಸಿನಿಮಾಗೆ ಹೋಗೋಣ ಬಾ ಅಂತ ಎಳೆದರೆ ಹೊಸ್ತಿಲು ದಾಟ್ತಿದ್ಯಾ ನೀನು? ನಗು, ನಗು... ಕರುಗೂ ನಗು ಬರ್ತಿದೆ ನೋಡು.

ಮೊದಲು ಆ ಮುಖದ ಹಗ್ಗ ಸರಿಮಾಡು. ಮೂಗಿನ ಹೊಳ್ಳೆ ಮೇಲೇ ಬಂದುಬಿಟ್ಟಿದೆ, ಪಾಪ, ಉಸಿರಾಡೋದು ಹೇಗೆ? ಮೇಲಕ್ಕೆ... ಇನ್ನೂ ಮೇಲಕ್ಕೆ, ಕಣ್ಣಿನ ಹತ್ತಿರಕ್ಕೆ. ಹಾಂ. ಈಗ ನೇರಕ್ಕೆ ಎಳೀಬೇಡ, ಪಕ್ಕಕ್ಕೆ, ಒಂಚೂರು. ಬಿಗಿ ಹಿಡಿದು ಕಾಯಿ. ಕಾಯಿ... ಇಟ್ಟಿತು ನೋಡು ಹೆಜ್ಜೆ! ಬಿಡು, ಸಡಿಲ ಬಿಡು! ಛೆ, ತಡ ಮಾಡಿದೆ. ಹೆಜ್ಜೆ ಇಟ್ಟ ತಕ್ಷಣ ಸಡಿಲ ಬಿಟ್ಟರೇನೇ ಅದಕ್ಕೆ ಅರ್ಥ ಆಗೋದು.

ಏಯ್! ಏನದು? ಹಗ್ಗಾನ ಕೈಗೆ ಸುತ್ತಿಕೊಂಡೆಯಲ್ಲ! ಬಿಚ್ಚು, ಮೊದಲು ಬಿಚ್ಚು! ಕರು ನೆಗೆದರೆ ಕೈನೂ ಜೊತೆಗೇ ಹೋಗುತ್ತೆ. ಈ ಕೊಟ್ಟಿಗೆಗೆ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನಾನೇ ಇದನ್ನ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಮಡಚಿ ಹಿಡಿ. ಹಾಂ, ಹಾಗೆ.

ನನ್ನ ಕೈನಾ? ಹೇಳಿದ್ನಲ್ಲ, ಮೊನ್ನೆ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿತು ಅಂತ. ಸಣ್ಣ ಗಾಯ. ಅದಕ್ಕೇ ಬಟ್ಟೆ ಸುತ್ತಿರೋದು. ಕರು ನೋಡೇ, ನನ್ನನ್ನ ಯಾಕೆ ನೋಡ್ತೀಯ? ನೋಡೋ ವಯಸ್ಸಲ್ಲಿ ನೋಡ್ಲಿಲ್ಲ...

ಏನು? ನಾನೇ ಒಂದ್ಸಲ ತೋರಿಸಬೇಕಾ? ತೋರಿಸ್ತಿದ್ದೆ... ಈ ಮಂಡಿ ಒಂದು. ಆಮೇಲೆ, ಈಗಷ್ಟೇ ಟೀ ಕುಡಿದಿದ್ದೀನಿ. ಟೀಗೂ ಕರುಗೂ ಏನು ಸಂಬಂಧಾನಾ? ಇದೆ. ಇರುತ್ತೆ. ನಿನಗೆ ಗೊತ್ತಾಗಲ್ಲ.

ಹಗ್ಗ ಯಾಕೆ ನನ್ನ ಕಡೆ ಚಾಚ್ತಿದ್ದೀಯ? ಹಿಡ್ಕೋ, ನೀನೇ ಹಿಡ್ಕೋ. ನನ್ನ ಕೈ ಯಾಕೆ ಹಿಡ್ಕೊಂಡೆ? ಬೇಡ, ಸುತ್ತಿರೋ ಬಟ್ಟೆ ಬಿಚ್ಚಬೇಡ! ಗಾಯ ಇನ್ನೂ ಮಾಗಿಲ್ಲ... ಬೇಡ ಅಂದ್ನಲ್ಲ...

ಸರಿ. ನೋಡು.

ಕುಡುಗೋಲು ಹೀಗೆ ಅಂಗೈ ಸುತ್ತ ಬಳೆ ತೊಡಿಸಿದ ಹಾಗೆ ಕೊಯ್ಯಲ್ಲ, ನನಗೂ ಗೊತ್ತು. ಹಗ್ಗ ಸುತ್ತಿಕೊಂಡಿದ್ದೆ. ನಾನೇ! ಬೇಕಂತಲೇ! ಮುಷ್ಟಿ ನಿಲ್ತಿಲ್ಲ ಕಣೇ... ಎರಡು ತಿಂಗಳಾಯ್ತು. ಬೆರಳು ಮಡಚುತ್ತೆ, ಹಿಡಿತ ಬರಲ್ಲ. ಸುತ್ತಿಕೊಂಡರಾದ್ರೂ ನಿಲ್ಲುತ್ತೇನೋ ಅಂತ... ಇದೇ ಕರು. ಬಾಗಿಲವರೆಗೂ ಎಳ್ಕೊಂಡು ಹೋಯ್ತು. ನೀನು ಒಳಗಿದ್ದೆ, ಕೂಗೋಕೆ ನಾಚಿಕೆ ಆಯ್ತು.

ಡಾಕ್ಟರ ಹತ್ತಿರ ಹೋದರೆ ಇನ್ಮೇಲೆ ದನ ಹಿಡೀಬೇಡಿ ಅಂತಾರೆ. ಹಿಡೀದೇ ನಾನು ಬೆಳಗೆದ್ದು ಏನು ಮಾಡ್ಲಿ, ಹೇಳು? ಭಯ ಆಗುತ್ತೆ ಕಣೇ. ನೀನು ಕಲಿತರೆ, ನಾನು ಇಲ್ಲೇ ಮಣೆ ಮೇಲೆ ಕೂತು ಕೂಗಾಡ್ಕೊಂಡಿರಬಹುದು, ಯಾರಿಗೂ ಗೊತ್ತಾಗಲ್ಲ ಅಂತ... ನಿನಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ.

ಹಾಗೆ ಗಾಯಾನೇ ನೋಡ್ತಾ ನಿಲ್ಬೇಡ. ಬೈಯೋದಾದ್ರೂ ಬೈಯೇ.